ಚಂದ್ರಹಾಸನ ಆರನೆಯ ಬೆರಳು

ಲಕ್ಷ್ಮೀಶನ ದೇವಪುರವು ಕಡೂರು ಸೀಮೆಯ ದೇವನೂರೋ ಸುರಪುರ ಸೀಮೆಯ ದೇವಾಪುರವೋ ಎಂಬ ವಿವಾದವು ವಿದ್ವಾಂಸರಿಗೆ ಪರಿಚಿತವಾದುದೇ ಆಗಿದೆ. ಅದನ್ನು ಬಗೆಹರಿಸುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳ ಮುಂದೆ ಜೈಮಿನಿ ಭಾರತದ ಚಂದ್ರಹಾಸೋಪಾಖ್ಯಾನವನ್ನು ಹರಿಭಕ್ತಿಯ ಮಹಿಮೆಯೆಂದಷ್ಟೇ ವಿವರಿಸಿ ಮುಗಿಸಿದರೆ ಸಾಕೆ ಎಂಬುದು ನಮ್ಮ ಪ್ರಶ್ನೆ.

ಕೇರಳದ ಅರಸುಮಗನಾಗಿ ಹುಟ್ಟಿದ ಶಿಶುವಿನ ಎಡಗಾಲಿನಲ್ಲಿ ಆರು ಬೆರಳು. ಅದು ಅಶುಭದ ಗುರುತು. ತಂದೆ ಯುದ್ಧದಲ್ಲಿ ಮಡಿದನು; ತಾಯಿ ಸಹಗಮನ ಮಾಡಿದಳು; ಕುಂತಳನಗರಕ್ಕೆ ಕರೆತಂದು ಸಾಕಿದ ದಾದಿಯೂ ತೀರಿಕೊಂಡಳು. ಕೀಳರಿಮೆಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಆದರೆ ಊರ ಹೆಂಗಸರು ಆ ತಬ್ಬಲಿಗೆ ಉಣಿಸಿದರು. ಓರಗೆಯ ಮಕ್ಕಳು ಅವನನ್ನು ತಮ್ಮ ಆಟಕ್ಕೆ ಸೇರಿಸಿಕೊಂಡರು. ಸಿಕ್ಕಿದ ಸಾಲಿಗ್ರಾಮವು ಪೂಜೆಯ ವಸ್ತುವಾಗುವುದಕ್ಕೆ ಮೊದಲು ಅವನಿಗೆ ಆಟದ ಕಲ್ಲಾಯಿತೆಂಬುದನ್ನು ನಾವು ಮರೆಯಲಾಗದು.

ದೇಹದ ಊನದಿಂದ ಹುಟ್ಟುವ ಕೊರತೆಯನ್ನು ಕುರಿತು 1907ರಲ್ಲಿ ಬರೆದ ಆಡ್ಲರ್ ಮಹಾಶಯನು ಮುಂದೆ, ಪರರೊಡನೆ ಬೆರೆಯುವ ಭಾವವೇ ಅದಕ್ಕೆ ಮದ್ದೆಂದು ಪ್ರತಿಪಾದಿಸಿದನು. ಕೊಲೆಗಡುಕರು ಕನಿಕರದಿಂದ ಆರನೆಯ ಬೆರಳನ್ನಷ್ಟೇ ಕತ್ತರಿಸಿದರು. ಹಾಗೆಂದು ಹುಡುಗನನ್ನು ಉಳಿಸಿ ಬೆಳೆಸಿದುದು ಕತ್ತಿಯಲ್ಲ. ಮಕ್ಕಳಿಲ್ಲದ ಕುಳಿಂದ ದಂಪತಿಗಳ ಮಡಿಲು, ಅನಂತರ ಮದನನ ಸ್ನೇಹ.

ಕವಿಯು ಬಾಲಕನ ಮನಸ್ಸಿನ ಕೀಳರಿಮೆಯನ್ನು ಬಣ್ಣಿಸಿಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಅವನ ಗುರಿ ಭಕ್ತಿಯ ನಿರೂಪಣೆ. ಆದರೆ ಕೀಳರಿಮೆಯ ಚಿತ್ರವು ಕಾವ್ಯದಲ್ಲಿ ಇಲ್ಲದಿಲ್ಲ, ಅದು ದುಷ್ಟಬುದ್ಧಿಯಲ್ಲಿದೆ. ಮನೆ, ಮಕ್ಕಳು, ಮಂತ್ರಿಪದವಿ ಎಲ್ಲವೂ ಇದ್ದು ಒಬ್ಬ ತಬ್ಬಲಿಗೆ ಅಂಜಿದವನು ಅವನು. ಅವನ ಸಂಚಿಗೆ ಚಂದ್ರಹಾಸನ ಬದಲು ದೇಗುಲಕ್ಕೆ ಹೋದ ಸ್ವಂತ ಮಗನೇ ಬಲಿಯಾಗುತ್ತಾನೆ. ಆಗ ಚಂದ್ರಹಾಸನು ತನ್ನನ್ನೇ ದೇವಿಗೆ ಒಪ್ಪಿಸಿಕೊಳ್ಳಲು ಮುಂದಾಗಿ, ಗೆಳೆಯನ ಜೊತೆಗೆ ಹಗೆಯನ್ನೂ ಬದುಕಿಸುತ್ತಾನೆ. ಕೀಳರಿಮೆಯನ್ನು ಗೆದ್ದವನು ಪರರನ್ನು ಕೀಳು ಮಾಡಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವುಂಟೆ?

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿ ಕಡೆಯ ಸ್ಥಾನ ಪಡೆಯಿತು. ‘ಕಡೆಯ ಜಿಲ್ಲೆಯವರು’ ಎಂಬ ಮಾತು ಇಲ್ಲಿಯ ಮಕ್ಕಳಿಗೆ ಅಂಟಿದ ಆರನೆಯ ಬೆರಳೇ ಸರಿ. ದುಡಿಮೆಗಾಗಿ ತಂದೆತಾಯಿ ದೂರದ ಊರುಗಳಿಗೆ ಹೋದಾಗ ಅಜ್ಜಿಯ ಬಳಿ ಉಳಿದ ಮಕ್ಕಳೂ ಇವರಲ್ಲಿದ್ದಾರೆ. ಫಲಿತಾಂಶವನ್ನು ಸುಧಾರಿಸುವ ಯತ್ನ ಅವಶ್ಯವೇ. ಆದರೆ ಉಣಿಸುವ ಕೈ, ಆಟಕ್ಕೆ ಕರೆಯುವ ಗೆಳೆಯ—ಇವೆರಡೂ ಮಗುವಿಗೆ ದೊರೆತಿವೆಯೇ ಎಂದು ಮೊದಲು ವಿಚಾರಿಸುವ ಅಧ್ಯಾಪಕನೇ ಈ ಉಪಾಖ್ಯಾನವನ್ನು ಸರಿಯಾಗಿ ಓದಿದವನೆಂದು ನಾವು ಭಾವಿಸುತ್ತೇವೆ.