ಕೈಗೆ ಬಂದ ಮೇಲೇ ಟಿಕೆಟ್ಟು

ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ ಹತ್ತುವವರಲ್ಲಿ ಎಷ್ಟೋ ಜನ ಅಲ್ಲಿಂದ ಮುಂದಿನ ರೈಲನ್ನೂ ಮನೆಯಲ್ಲೇ ಕೂತು ಬುಕ್ ಮಾಡಿಕೊಂಡಿರುತ್ತಾರೆ. ದುಡ್ಡು ಕಟ್ಟಿಯಾಗಿದೆ, ಇಮೇಲ್ ಬಂದಿದೆ, ಸೀಟ್ ನಂಬರೂ ಸಿಕ್ಕಿದೆ. ನಮ್ಮೂರಿನ ಗಾಡಿಗೆ ಇಷ್ಟು ಸಾಕು: ಮೊಬೈಲಿನಲ್ಲಿ ಪಿಎನ್‌ಆರ್, ಜೇಬಿನಲ್ಲಿ ಒಂದು ಗುರುತಿನ ಚೀಟಿ, ಟಿಟಿಇ ಕೈಯ ಚಾರ್ಟಿನಲ್ಲಿ ಹೆಸರು. ಐಆರ್‌ಸಿಟಿಸಿ 2002ರಲ್ಲಿ ಆನ್‌ಲೈನ್ ಬುಕಿಂಗ್ ಶುರುಮಾಡಿದಾಗ ಟಿಕೆಟ್ ಕೊರಿಯರ್‌ನಲ್ಲಿ ಮನೆಬಾಗಿಲಿಗೆ ಬರುತ್ತಿತ್ತು ಎಂಬುದೇ ಈಗ ಹಲವರಿಗೆ ನೆನಪಿಲ್ಲ.

ಬ್ರಿಟನ್ನಿನಲ್ಲಿ ಆ ಇಮೇಲನ್ನು ಒಮ್ಮೆ ಕಣ್ಣಿಟ್ಟು ಓದಬೇಕು. ಬಾರ್‌ಕೋಡ್ ಇದ್ದರೆ ಅದೇ ಟಿಕೆಟ್, ಚಿಂತೆಯಿಲ್ಲ. ‘ಸ್ಟೇಷನ್‌ನಲ್ಲಿ ಪಡೆಯಿರಿ’ ಅಂತಿದ್ದರೆ ಕೈಯಲ್ಲಿರುವುದು ಎಂಟು ಅಕ್ಷರ-ಅಂಕಿಗಳ ಒಂದು ಸಂಕೇತ ಮಾತ್ರ. ಅದನ್ನು ತೋರಿಸಿ ರೈಲು ಹತ್ತಿದರೆ ಟಿಕೆಟ್ ಇಲ್ಲದೆ ಹತ್ತಿದಂತೆಯೇ. ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ಅದಕ್ಕೆ ದಂಡ 100 ಪೌಂಡ್, ಅದರ ಮೇಲೆ ಪ್ರಯಾಣದ ದರ ಬೇರೆ. ಬೇಗ ಕಟ್ಟಿದರೆ ದಂಡ ಅರ್ಧಕ್ಕಿಳಿಯುತ್ತದೆ ಎನ್ನುವುದೊಂದು ಸಮಾಧಾನ.

ಟಿಕೆಟ್ ಎಲ್ಲಿ ಪಡೆಯಬೇಕು ಎಂಬಲ್ಲೇ ಅನುಭವಿ ಪ್ರಯಾಣಿಕರು ಬೇರೆಯಾಗಿ ನಿಲ್ಲುವುದು. ಹೀಥ್ರೂನಲ್ಲಿ ಇಳಿದು ಎಡಿನ್‌ಬರಾಗೆ ಹೋಗುವವರನ್ನೇ ನೋಡಿ. ಟ್ಯೂಬಿನ (ಲಂಡನ್ನಿನ ಸುರಂಗ ರೈಲಿನ) ಪಿಕಡಿಲಿ ಲೈನ್ ಹಿಡಿದರೆ ಎಲ್ಲೂ ಬದಲಿಸದೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಎಡಿನ್‌ಬರಾ ಗಾಡಿ ಹೊರಡುವ ಕಿಂಗ್ಸ್ ಕ್ರಾಸ್. ಎಲಿಜಬೆತ್ ಲೈನಾದರೆ ಫ್ಯಾರಿಂಗ್‌ಡನ್‌ನಲ್ಲಿ ಬದಲಿಸಬೇಕು. ಪಿಕಡಿಲಿಯಲ್ಲಿ ಬಂದವರು ಕೆಳಗಿನ ಸುರಂಗದಲ್ಲಿ ಟ್ಯೂಬಿನ ಟಿಕೆಟ್ ಯಂತ್ರ ಕಂಡೊಡನೆ ಅದರ ಮುಂದೆ ನಿಂತುಬಿಡುತ್ತಾರೆ. ಅದು ಲಂಡನ್ ಸಾರಿಗೆಯವರ ಯಂತ್ರ; ಮುಖ್ಯ ರೈಲುಗಳ ಬುಕಿಂಗ್ ಅದಕ್ಕೆ ಗೊತ್ತೇ ಇಲ್ಲ. ಸೂಟ್‌ಕೇಸ್ ಎಳೆದುಕೊಂಡು ಮೇಲೆ ಬಂದು, 2012ರಲ್ಲಿ ತೆರೆದ ಆ ಬಿಳಿ ಉಕ್ಕಿನ ಚಾವಣಿಯ ಹಜಾರದಲ್ಲಿ ರೈಲ್ವೆಯವರ ಯಂತ್ರ ಹುಡುಕಬೇಕು. ಶುಕ್ರವಾರ ಸಂಜೆ ಅಲ್ಲಿ ಕ್ಯೂ ಇರುತ್ತದೆ. ಗಾಡಿಯ ಬಾಗಿಲುಗಳೋ ಹೊರಡುವ ಸಮಯಕ್ಕೂ ಮೊದಲೇ ಮುಚ್ಚಿಕೊಳ್ಳುತ್ತವೆ.

ಯಂತ್ರದ ಎದುರಿನ ಕೆಲಸ ಸುಲಭ. ಯಾವುದಾದರೊಂದು ಬ್ಯಾಂಕ್ ಕಾರ್ಡ್ ತೂರಿಸಬೇಕು (ಕೆಲವೊಮ್ಮೆ ದುಡ್ಡು ಕಟ್ಟಿದ ಕಾರ್ಡೇ ಬೇಕೆನ್ನುತ್ತದೆ, ಹಾಗಾಗಿ ಅಪ್ಪನ ಕಾರ್ಡಿನಲ್ಲಿ ಬುಕ್ ಮಾಡಿಸಿಕೊಂಡ ವಿದ್ಯಾರ್ಥಿಗಳು ಷರತ್ತು ಮೊದಲೇ ಓದಿಕೊಳ್ಳುವುದು ಒಳ್ಳೆಯದು). ಸಂಕೇತ ಒತ್ತಿದರೆ ಕಿತ್ತಳೆ ಅಂಚಿನ, ಕ್ರೆಡಿಟ್ ಕಾರ್ಡ್ ಅಳತೆಯ ಚೀಟಿಗಳು ಟಪಟಪ ಬೀಳುತ್ತವೆ. ಒಂದು ಟಿಕೆಟ್, ಇನ್ನೊಂದು ಸೀಟ್ ಕಾಯ್ದಿರಿಸಿದ್ದಕ್ಕೆ, ಮತ್ತೊಂದು ಬರೀ ರಸೀದಿ. ಹೋಗಿಬರುವ ಪ್ರಯಾಣವಾದರೆ ಐದಾರು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಅವಸರದಲ್ಲಿ ಎರಡು ಚೀಟಿ ತಟ್ಟೆಯಲ್ಲೇ ಬಿಟ್ಟು, ರಸೀದಿಯನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡು ಗೇಟಿನ ಮುಂದೆ ಪರದಾಡುವವರು ಕಮ್ಮಿಯಿಲ್ಲ. ‘ಪ್ರಯಾಣಕ್ಕೆ ಸಲ್ಲದು’ ಎಂದು ಅದರ ಮೇಲೆ ಅಚ್ಚಾಗಿರುತ್ತದೆ, ಓದುವ ವ್ಯವಧಾನ ಬೇಕಷ್ಟೆ.

ಈ ಚೀಟಿಗಳ ಪೂರ್ವಜ ರಟ್ಟಿನದು. 1830ರ ದಶಕದಲ್ಲಿ ನ್ಯೂಕಾಸಲ್-ಕಾರ್ಲೈಲ್ ರೈಲ್ವೆಯ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ ಸಂಖ್ಯೆ ಹಾಕಿದ ಗಟ್ಟಿ ರಟ್ಟಿನ ಟಿಕೆಟ್ ತಂದರು. ಅದೇ ರಟ್ಟು ನಮ್ಮ ಸ್ಟೇಷನ್ನುಗಳ ಕಿಂಡಿಯಲ್ಲೂ ದಶಕಗಟ್ಟಲೆ ಸಿಗುತ್ತಿತ್ತು. ಅದನ್ನು ಕಂಡವರಿಗೆ ಈ ಕಿತ್ತಳೆ ಚೀಟಿ ತೀರಾ ತೆಳುವೆನಿಸುತ್ತದೆ.

ಫೋನಿನಲ್ಲೇ ಎಲ್ಲ ಮುಗಿಯುವ ಕಾಲದಲ್ಲಿ ಈ ಕಾಗದ ಏಕೆ ಉಳಿದಿದೆ? ಒಂದು ಕಾರಣ ಲಂಡನ್ ನಗರವೇ. ಅಲ್ಲಿ ಊರಿಗೆಲ್ಲ ಒಂದು ದೊಡ್ಡ ನಿಲ್ದಾಣ ಇಲ್ಲ. ಹತ್ತಾರು ಟರ್ಮಿನಸ್‌ಗಳು ಸುತ್ತ ಹರಡಿಕೊಂಡಿವೆ. ಕೇಂಬ್ರಿಡ್ಜ್ ನೋಡಿಕೊಂಡು ಬಾತ್‌ಗೆ ಹೋಗುವವರು ಕಿಂಗ್ಸ್ ಕ್ರಾಸ್‌ನಲ್ಲಿ ಇಳಿದು, ಟ್ಯೂಬ್ ಹಿಡಿದು, ಪ್ಯಾಡಿಂಗ್ಟನ್‌ನಲ್ಲಿ ಮತ್ತೆ ಹತ್ತಬೇಕು. ಇಡೀ ದಾರಿಗೆ ಒಂದೇ ಟಿಕೆಟ್ ಕೊಂಡರೆ ನಡುವಿನ ಟ್ಯೂಬೂ ಅದರಲ್ಲೇ ಬರುತ್ತದೆ; ಗುರುತಿಗೆ ಟಿಕೆಟ್ಟಿನ ಮೇಲೆ ಪುಟ್ಟದೊಂದು ಶಿಲುಬೆಯಂಥ ಚಿಹ್ನೆ. ಟ್ಯೂಬಿನ ಗೇಟು ಫೋನಿನ ಬಾರ್‌ಕೋಡಿಗೆ ಬಾಯಿ ಬಿಡದು, ಚೀಟಿಯ ಹಿಂದಿನ ಕಪ್ಪು ಕಾಂತಪಟ್ಟಿಯನ್ನು ಓದಿ ತೆರೆಯುತ್ತದೆ. ಇಂಥ ದಾರಿಯಲ್ಲಿ ಕಾಗದವೇ ವಾಸಿ, ಮತ್ತು ಅದನ್ನು ಕೇಂಬ್ರಿಡ್ಜ್‌ನಲ್ಲಿ ಹಿಂದಿನ ದಿನವೇ ಮುದ್ರಿಸಿಕೊಳ್ಳುವುದು ಜಾಣತನ. ಬುಕಿಂಗ್ ಯಾವ ಊರಿನಿಂದಿದ್ದರೂ, ಈ ಸೌಲಭ್ಯವಿರುವ ಯಾವ ಸ್ಟೇಷನ್ನಿನ ಯಂತ್ರದಿಂದಲಾದರೂ ಟಿಕೆಟ್ ಪಡೆಯಬಹುದು ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ವಿಮಾನ ತಡವಾದರೆ ಲೆಕ್ಕವೇ ಬೇರೆ. ಅಗ್ಗದ ‘ಅಡ್ವಾನ್ಸ್’ ಟಿಕೆಟ್ ನಿಗದಿಯಾದ ಒಂದೇ ಗಾಡಿಗೆ ಸಲ್ಲುತ್ತದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ನಡುವೆ ನಿಯಮದಷ್ಟು ಅಂತರ ಬಿಟ್ಟುಕೊಂಡಿದ್ದವರನ್ನು ಮುಂದಿನ ಗಾಡಿಗೆ ಹತ್ತಿಸಿಕೊಳ್ಳುತ್ತಾರೆ. ವಿಮಾನದ ತಡ ರೈಲ್ವೆಗೆ ಸಂಬಂಧಪಟ್ಟದ್ದಲ್ಲ. ಇಮಿಗ್ರೇಷನ್ ಸಾಲು, ಲಗೇಜಿನ ಬೆಲ್ಟು, ಟಿಕೆಟ್ ಯಂತ್ರ ಎಲ್ಲ ಸೇರಿಸಿ ಮೂರು ಗಂಟೆ ಇಟ್ಟುಕೊಳ್ಳದವರು ಸ್ವಲ್ಪ ಹೆಚ್ಚು ತೆತ್ತು ಯಾವ ಗಾಡಿಗಾದರೂ ಸಲ್ಲುವ ಟಿಕೆಟ್ ಕೊಳ್ಳುವುದೇ ಲೇಸು.

ಜಪಾನಿನ ಕತೆ ಬೇರೊಂದು ಬಗೆಯದು. ಜಪಾನ್ ರೈಲ್ ಪಾಸನ್ನು ಏಜೆಂಟರಿಂದ ಕೊಂಡವರ ಕೈಗೆ ಬರುವುದು ವಿನಿಮಯ ಪತ್ರ. ಮೂರು ತಿಂಗಳೊಳಗೆ ಅಲ್ಲಿನ ರೈಲ್ವೆಯ (ಜೆಆರ್) ಕಚೇರಿಯಲ್ಲಿ ಅದನ್ನು ಕೊಟ್ಟು, ಪಾಸ್‌ಪೋರ್ಟಿನಲ್ಲಿ ‘ತಾತ್ಕಾಲಿಕ ಸಂದರ್ಶಕ’ ಗುರುತು ತೋರಿಸಿದರೆ ನಿಜವಾದ ಪಾಸು. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಜಿಗಿದ ಮೇಲೆ, ಟೋಕಿಯೊ-ಕ್ಯೋಟೊ ಹೋಗಿಬರುವಷ್ಟಕ್ಕೆ ಅದನ್ನು ಕೊಳ್ಳುವುದು ದುಂದುವೆಚ್ಚ. ಬಿಡಿ ಟಿಕೆಟ್ ಸಾಕು.

ಚೀನಾದಲ್ಲಿ ಒಂದು ಕಾಲಕ್ಕೆ ಟಿಕೆಟ್ ಕೈಗೆ ಪಡೆಯುವುದೇ ದೊಡ್ಡ ರಗಳೆಯಾಗಿತ್ತು. ಯಂತ್ರಗಳು ಸ್ಥಳೀಯರ ಗುರುತಿನ ಚೀಟಿಯನ್ನಷ್ಟೇ ಓದುತ್ತಿದ್ದವು. ವಿದೇಶಿಯರು ಪಾಸ್‌ಪೋರ್ಟ್ ಹಿಡಿದು ಕಿಟಕಿಯ ಮುಂದೆ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕಿತ್ತು. 2020ರ ಹೊತ್ತಿಗೆ ದೇಶದಾದ್ಯಂತ ಇ-ಟಿಕೆಟ್ ಬಂದು, ಈಗ ಪಾಸ್‌ಪೋರ್ಟೇ ಟಿಕೆಟ್. ತೊಡಕು ಬುಕಿಂಗ್‌ಗೆ ಸರಿದಿದೆ. ಇನಿಷಿಯಲ್ ಬಿಡಿಸಿ ಬರೆದಿರುವ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟಿನ ನಮ್ಮ ಕಡೆಯವರು, ಪುಟದ ಕೆಳಗಿನ ಎರಡು ಯಂತ್ರಸಾಲುಗಳಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ತುಂಬಿದರೆ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ.