ವೀಕ್ಷಣೆಯ ಲೆಕ್ಕವೂ ಅಳತೆಯ ಗಳೆಯೂ

ಕಳೆದ ವರ್ಷ ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬರು ಹಳೆಯ ಮೈಸೂರು ಸೀಮೆಯ ಕೋಟೆಗಳನ್ನು ಕುರಿತು ಅಂತರ್ಜಾಲದಲ್ಲಿ ಬಂದಿರುವ ವಿಡಿಯೋಗಳ ವಿಷಯವಾಗಿ ಒಂದು ಕಿರುಪ್ರಬಂಧವನ್ನು ಒಪ್ಪಿಸಿದರು. ಶ್ರಮಪಟ್ಟು ಬರೆದ ಪ್ರಬಂಧ. ಅದರ ಉಪಸಂಹಾರದಲ್ಲಿ, ಒಂದು ಕೋಟೆಯ ಚರಿತ್ರೆಯನ್ನು ಹನ್ನೆರಡು ಲಕ್ಷ ಜನರು ಅರಿತುಕೊಂಡಿರುವರೆಂದೂ ಇದು ನಾಡಿನಲ್ಲಿ ಇತಿಹಾಸಪ್ರಜ್ಞೆ ಬೆಳೆಯುತ್ತಿರುವುದರ ಗುರುತೆಂದೂ ಹೇಳಿದ್ದಿತು. ಆಧಾರವೆಂದು ಕೊಟ್ಟಿದ್ದುದು ವಿಡಿಯೋವಿನ ಕೆಳಗೆ ಕಾಣುವ ವೀಕ್ಷಣೆಯ ಸಂಖ್ಯೆ. ಪ್ರಬಂಧವನ್ನು ಓದಿ ಸಹಿ ಮಾಡಿದವರು ನಾವೇ. ಸಹಿ ಮಾಡುವಾಗ ಆ ವಾಕ್ಯ ನಮ್ಮನ್ನು ತಡೆದು ನಿಲ್ಲಿಸಲಿಲ್ಲ. ಅದೇ ವಿದ್ಯಾರ್ಥಿ ಒಂದು ತಾಮ್ರಪಟದ ಮಾತನ್ನು ಹೀಗೆಯೇ ನಂಬಿ ಬರೆದಿದ್ದರೆ ಪುಟದ ಅಂಚಿನಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದು ಹಿಂದಕ್ಕೆ ಕೊಡುತ್ತಿದ್ದೆವು. ಈ ಲೇಖನ ಆ ಸಹಿಯನ್ನು ನೆನೆದಾಗ ಉಂಟಾಗುವ ಸಂಕೋಚದಿಂದ ಹುಟ್ಟಿದುದು.

ಶಾಸನಗಳನ್ನು ಓದುವವರು ಮೊದಲಲ್ಲಿಯೇ ಕಲಿಯುವ ಎರಡು ಪಾಠಗಳಿವೆ. ದಾನವಾದ ಭೂಮಿ ಇಷ್ಟು ಮತ್ತರು ಎಂದು ಶಾಸನ ಹೇಳಿದ ಮಾತ್ರಕ್ಕೆ ಅದರ ವಿಸ್ತಾರ ತಿಳಿದಂತಾಗದು. ಯಾವ ಗಳೆಯಿಂದ ಅಳೆದ ಮತ್ತರು ಎಂಬುದೂ ಗೊತ್ತಾಗಬೇಕು. ಬಳ್ಳಿಗಾವೆಯ ಶಾಸನಗಳು ಭೇರುಂಡಗಳೆಯೆಂದು ಅಳತೆಗೋಲಿನ ಹೆಸರನ್ನು ಹೇಳುವುದು ಅಲಂಕಾರಕ್ಕಲ್ಲ. ಕೋಲು ಊರಿನಿಂದ ಊರಿಗೆ ಬೇರೆಯಾಗುತ್ತಿದ್ದುದರಿಂದ. ಎರಡನೆಯದು, ತಾಮ್ರಪಟ ದಾನ ಪಡೆದವನ ಮನೆಯಲ್ಲಿಯೇ ಉಳಿಯುವಂಥದು. ಆದಕಾರಣ ಅದು ನುಡಿಯುವ ಸಾಕ್ಷ್ಯ ಲಾಭವುಳ್ಳವನ ಸಾಕ್ಷ್ಯ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿದುದೂ ರೈಸರು ಅವುಗಳ ಪಕ್ಷವಹಿಸಿದುದೂ ನಮ್ಮ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ಅಳೆದ ಗಳೆ ಯಾವುದು, ಪಟ ಯಾರ ಕೈಯಲ್ಲಿದ್ದಿತು ಎಂಬ ಈ ಎರಡು ಪ್ರಶ್ನೆಗಳನ್ನು ವೀಕ್ಷಣೆಯ ಸಂಖ್ಯೆಗೂ ಹಾಕಿ ನೋಡುವುದು ಪ್ರಕೃತ ನಮ್ಮ ಉದ್ದೇಶ.

ಯೂಟ್ಯೂಬು ಸ್ಥಾಪಿತವಾದುದು ೨೦೦೫ರಲ್ಲಿ. ಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಮರು ಸ್ಯಾನ್ ಡಿಯೆಗೊ ಮೃಗಾಲಯದ ಆನೆಗಳ ಮುಂದೆ ನಿಂತು ನಾಲ್ಕು ಮಾತನಾಡಿದ ೧೯ ಸೆಕೆಂಡುಗಳ ಚಿತ್ರ ಆ ವರ್ಷದ ಏಪ್ರಿಲ್ ೨೩ರಂದು ಅದರಲ್ಲಿ ಮೊಟ್ಟಮೊದಲು ಪ್ರಕಟವಾಯಿತು. ಮರುವರ್ಷವೇ ಗೂಗಲ್ ಸಂಸ್ಥೆ ಅದನ್ನು ೧೬೫ ಕೋಟಿ ಡಾಲರಿಗೆ ಕೊಂಡಿತು. ೨೦೦೭ರಲ್ಲಿ ವಿಡಿಯೋ ಮಾಡುವವರಿಗೆ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಏರ್ಪಾಡು ಬಂದಿತು. ಅದುವರೆಗೆ ಕುತೂಹಲದ ವಿಷಯವಾಗಿದ್ದ ವೀಕ್ಷಣೆಯ ಸಂಖ್ಯೆ ಅಂದಿನಿಂದ ಹಣದ ಸಂಖ್ಯೆಯಾಯಿತು. ೨೦೧೨ರ ಡಿಸೆಂಬರಿನಲ್ಲಿ ಕೊರಿಯದ ಗಾಯಕ ಸೈ ಅವರ ‘ಗಂಗ್ನಮ್ ಸ್ಟೈಲ್’ ನೂರು ಕೋಟಿ ವೀಕ್ಷಣೆಗಳನ್ನು ಮುಟ್ಟಿದ ಮೊದಲ ವಿಡಿಯೋವಾಯಿತು. ೨೦೧೪ರ ಡಿಸೆಂಬರಿನಲ್ಲಿ, ಎಣಿಕೆಯ ವ್ಯವಸ್ಥೆ ಹಿಡಿಯಬಲ್ಲ ಪರಮಾವಧಿಯಾದ ೨೧೪,೭೪,೮೩,೬೪೭ ಎಂಬ ಸಂಖ್ಯೆಯನ್ನೂ ಅದು ಮೀರುವಂತಾಗಲು, ವ್ಯವಸ್ಥೆಯನ್ನೇ ಹಿಗ್ಗಿಸಬೇಕಾಯಿತೆಂದು ಸಂಸ್ಥೆ ಪ್ರಕಟಿಸಿತು. ಜಗತ್ತಿನ ಪತ್ರಿಕೆಗಳು ಇದನ್ನು ಬೆರಗಿನಿಂದ ವರದಿ ಮಾಡಿದವು. ಇನ್ನೂರು ಕೋಟಿ ಜನರು ಆ ಹಾಡನ್ನು ನೋಡಿದರೆಂದು ಭಾವಿಸಿದವರೂ ಉಂಟು. ಒಬ್ಬನೇ ಹುಡುಗ ಒಂದೇ ಸಂಜೆ ಅದನ್ನು ಮತ್ತೆ ಮತ್ತೆ ಹಾಕಿ ಕುಣಿದರೆ ಲೆಕ್ಕ ಒಂದಕ್ಕೇ ನಿಲ್ಲುವುದಿಲ್ಲವೆಂಬುದನ್ನು ಮರೆತರೆ ಮಾತ್ರ ಹಾಗೆ ಭಾವಿಸಬಹುದು. ವೀಕ್ಷಣೆ ಬೇರೆ, ವೀಕ್ಷಕ ಬೇರೆ. ನಮ್ಮ ವಿದ್ಯಾರ್ಥಿಯ ಹನ್ನೆರಡು ಲಕ್ಷವೂ ಮೊದಲು ಎಡವಿದುದು ಇಲ್ಲಿಯೇ. ‘ಅರಿತುಕೊಂಡಿರುವರು’ ಎಂಬ ಮಾತಿನ ಗತಿಯಂತೂ ಹಾಗಿರಲಿ.

ಆದರೆ ಇದು ಮೇಲುಮೇಲಿನ ದೋಷ. ಅಳತೆಗೋಲನ್ನು ಬದಲಾಯಿಸಿದಾಗಲೆಲ್ಲ ಅಳೆಯಲ್ಪಡುವ ವಸ್ತುವೂ ಆಕಾರವನ್ನು ಬದಲಾಯಿಸಿಕೊಂಡಿರುವುದು ಇದಕ್ಕಿಂತ ಗಹನವಾದ ವಿಷಯ. ಭೂಮಿಯನ್ನು ಯಾವ ಕೋಲಿನಿಂದ ಅಳೆದರೂ ಹೊಲ ಇದ್ದಲ್ಲೇ ಇರುತ್ತದೆ, ವಿಡಿಯೋ ಹಾಗಲ್ಲ.

೨೦೧೦ರ ಕೊನೆಯಲ್ಲಿ ಯೂಟ್ಯೂಬು, ಐದು ಸೆಕೆಂಡುಗಳು ಕಳೆದ ಮೇಲೆ ನೋಡುವವನು ದಾಟಿಹೋಗಬಹುದಾದ ಜಾಹೀರಾತುಗಳನ್ನು ತಂದಿತು. ಮೂವತ್ತು ಸೆಕೆಂಡುಗಳಾದರೂ, ಅಥವಾ ಅದಕ್ಕಿಂತ ಚಿಕ್ಕದಾದರೆ ಕೊನೆಯವರೆಗೂ, ಯಾರಾದರೂ ನೋಡಿದರೆ ಮಾತ್ರ ಜಾಹೀರಾತುದಾರ ಹಣ ಕೊಡಬೇಕೆಂಬುದು ಕರಾರು. ಇದರಿಂದ ಜಾಹೀರಾತಿನ ಕಥನಕ್ರಮವೇ ತಲೆಕೆಳಗಾಯಿತು. ದೂರದರ್ಶನದ ಜಾಹೀರಾತು ಕಥೆ ಹೇಳಿ ಕೊನೆಯಲ್ಲಿ ಸರಕಿನ ಹೆಸರನ್ನು ತೋರಿಸುತ್ತಿದ್ದಿತು. ಈಗ ಮೊದಲ ಐದು ಸೆಕೆಂಡುಗಳಲ್ಲಿಯೇ ಹೆಸರನ್ನು ಹೇಳಿಬಿಡಬೇಕು, ಅಥವಾ ನೋಡುವವನ ಬೆರಳನ್ನು ತಡೆಯಬೇಕು. ೨೦೧೫ರಲ್ಲಿ ಅಮೆರಿಕದ ಗೈಕೋ ವಿಮಾ ಸಂಸ್ಥೆಯವರು ಈ ಕಟ್ಟಳೆಯನ್ನೇ ಹಾಸ್ಯಕ್ಕೆ ವಸ್ತುವಾಗಿಸಿದರು. ಊಟಕ್ಕೆ ಕುಳಿತ ಸಂಸಾರವೊಂದು ಕೆಲವೇ ಕ್ಷಣಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸುತ್ತದೆ. ಜಾಹೀರಾತು ಆಗಲೇ ಮುಗಿಯಿತು, ಇನ್ನು ದಾಟಲಾರಿರಿ ಎಂಬ ಧ್ವನಿ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲರೂ ನಗುಮುಖ ಹೊತ್ತು ಕಲ್ಲಿನಂತೆ ಕುಳಿತಿರುವಾಗ ಮನೆಯ ದೊಡ್ಡ ನಾಯಿಯೊಂದು ಮೇಜನ್ನೇರಿ ತಟ್ಟೆಗಳಲ್ಲಿನದನ್ನೆಲ್ಲ ತಿಂದುಹಾಕುತ್ತದೆ. ಕ್ಯಾನಿನ ಜಾಹೀರಾತು ಉತ್ಸವದಲ್ಲಿ ಆ ವರ್ಷ ಚಲನಚಿತ್ರ ವಿಭಾಗದ ಅತ್ಯುಚ್ಚ ಬಹುಮಾನ ಇದಕ್ಕೆ ಬಂದಿತು. ನಮ್ಮ ಅಭಿಪ್ರಾಯದಲ್ಲಿ ಈ ಕಾಲದ ಜಾಹೀರಾತುಗಳಲ್ಲಿ ನಿಜವಾಗಿ ಬುದ್ಧಿಯುಳ್ಳವು ಕೆಲವೇ, ಇದು ಅವುಗಳಲ್ಲೊಂದು. ಏಕೆಂದರೆ ತನ್ನನ್ನು ಕಟ್ಟಿಹಾಕಿದ ಹಗ್ಗವನ್ನು ಇದು ಮರೆಮಾಡದೆ ಎಲ್ಲರೂ ಕಾಣುವಂತೆ ಎತ್ತಿ ತೋರಿಸುತ್ತದೆ.

೨೦೧೨ರಲ್ಲಿ ಇನ್ನೊಂದು ಕೋಲು ಬಂದಿತು. ಎಷ್ಟು ಬಾರಿ ತೆರೆಯಿತೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದನ್ನು ಮುಖ್ಯವಾಗಿ ಗಣಿಸಿ ವಿಡಿಯೋಗಳನ್ನು ಮುಂದಿಡುವ ಪದ್ಧತಿಗೆ ಯೂಟ್ಯೂಬು ತಿರುಗಿತು. ಮೋಸದ ಶೀರ್ಷಿಕೆಗಳನ್ನು ತಗ್ಗಿಸುವುದು ಇದರ ಉದ್ದೇಶವಾಗಿದ್ದಿತು. ಆ ಮಟ್ಟಿಗೆ ಯುಕ್ತವಾದುದೇ. ಆದರೆ ಹತ್ತು ನಿಮಿಷ ಮೀರಿದ ವಿಡಿಯೋಗಳ ನಡುವೆ ಜಾಹೀರಾತು ಹಾಕಲು ಅವಕಾಶವಿದ್ದುದರಿಂದ, ನಾಲ್ಕು ನಿಮಿಷದಲ್ಲಿ ಮುಗಿಯುವ ಸಂಗತಿಯನ್ನು ಹನ್ನೊಂದಕ್ಕೆ ಎಳೆಯುವ ಕಲೆ ಬೆಳೆಯಿತು. ೨೦೨೦ರ ಜುಲೈನಲ್ಲಿ ಆ ಮಿತಿಯನ್ನು ಎಂಟು ನಿಮಿಷಕ್ಕೆ ಇಳಿಸಿದರು. ಕೋಟೆಯ ಬಾಗಿಲನ್ನು ತೋರಿಸುವ ಮೊದಲು ಕಾರು, ದಾರಿ, ಕಾಫಿ, ಮಳೆ, ಇವುಗಳನ್ನೆಲ್ಲ ಏಕೆ ತೋರಿಸುತ್ತಾರೆಂದು ನಮ್ಮ ವಿದ್ಯಾರ್ಥಿ ತಮ್ಮ ಪ್ರಬಂಧದಲ್ಲಿ ಆಶ್ಚರ್ಯಪಟ್ಟಿದ್ದರು. ಅದನ್ನು ಮಾಡಿದವರ ಅಭಿರುಚಿಗೆ ಆರೋಪಿಸಿದ್ದರು. ಉತ್ತರದ ಬಹುಭಾಗ ಈ ಮಿತಿಯಲ್ಲಿದೆ.

ಜಾಹೀರಾತು ಮಾಧ್ಯಮದ ರೂಪವನ್ನು ತಿದ್ದುವುದು ಹೊಸದೇನೂ ಅಲ್ಲವೆಂದು ವಾಚಕರು ಹೇಳಬಹುದು. ನಿಜ. ೧೯೩೦ರ ದಶಕದಲ್ಲಿ ಅಮೆರಿಕದ ರೇಡಿಯೋ ಧಾರಾವಾಹಿಗಳಿಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮೊದಲಾದ ಸಾಬೂನು ತಯಾರಕರು ಹಣ ಕೊಟ್ಟುದರಿಂದಲೇ ಅವುಗಳಿಗೆ ಸೋಪ್ ಆಪೆರಾ ಎಂಬ ಹೆಸರು ನಿಂತಿತು. ನಮ್ಮಲ್ಲಿಯೂ ವಿವಿಧಭಾರತಿ ೧೯೬೭ರಿಂದ, ದೂರದರ್ಶನ ೧೯೭೬ರಿಂದ ಜಾಹೀರಾತುಗಳನ್ನು ಸ್ವೀಕರಿಸಿದವು. ಆದರೆ ಅಲ್ಲೆಲ್ಲ ಇದ್ದ ಒಂದು ವಿವೇಕ ಇಲ್ಲಿ ಇಲ್ಲವಾಯಿತು. ಪತ್ರಿಕೆಯ ಒಡೆಯ ತನ್ನ ಪ್ರಸಾರಸಂಖ್ಯೆಯನ್ನು ತಾನೇ ಹೇಳಿಕೊಂಡರೆ ಸಾಲದೆಂದು ಅಮೆರಿಕದಲ್ಲಿ ೧೯೧೪ರಲ್ಲಿಯೂ ಭಾರತದಲ್ಲಿ ೧೯೪೮ರಲ್ಲಿಯೂ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆಗಳು ಹುಟ್ಟಿದವು. ಮಾರುವವನೂ ಕೊಳ್ಳುವವನೂ ಒಟ್ಟಿಗೆ ಕುಳಿತು ಒಪ್ಪಿದ ಲೆಕ್ಕಪರಿಶೋಧನೆ ಅದು. ನಮ್ಮ ದೂರದರ್ಶನ ವಾಹಿನಿಗಳ ವೀಕ್ಷಕಗಣನೆ ಮಾಡುವ ಬಾರ್ಕ್ ಸಂಸ್ಥೆಯಲ್ಲಿಯೂ ವಾಹಿನಿಗಳು, ಜಾಹೀರಾತುದಾರರು, ಏಜೆನ್ಸಿಗಳು ಮೂವರೂ ಪಾಲುದಾರರು. ಹಾಗಿದ್ದೂ ೨೦೨೦ರ ಅಕ್ಟೋಬರಿನಲ್ಲಿ ಗಣನೆಯನ್ನು ತಿರುಚಿದ ಆರೋಪದ ಮೇಲೆ ಮುಂಬಯಿಯಲ್ಲಿ ಪೋಲೀಸು ಮೊಕದ್ದಮೆ ನಡೆದು, ಸುದ್ದಿವಾಹಿನಿಗಳ ಗಣನೆ ೨೦೨೨ರ ಮಾರ್ಚಿನವರೆಗೂ ನಿಂತುಹೋಗಿದ್ದಿತು. ಮೂವರು ಹಿಡಿದ ತಕ್ಕಡಿಯ ವಿಷಯದಲ್ಲಿಯೇ ಇಷ್ಟು ಸಂಶಯ ಬಂದಿರುವಾಗ, ಅಂಗಡಿ, ತಕ್ಕಡಿ, ತೂಕದ ಕಲ್ಲು ಮೂರೂ ಒಬ್ಬನದೇ ಆದರೆ ಗತಿಯೇನು?

ಗತಿಯೇನೆಂಬುದನ್ನು ಫೇಸ್‌ಬುಕ್ಕಿನ ಪ್ರಕರಣ ತೋರಿಸಿಕೊಟ್ಟಿತು. ಅಲ್ಲಿ ಮೂರು ಸೆಕೆಂಡು ಓಡಿದರೆ ಒಂದು ವೀಕ್ಷಣೆ. ವಿಡಿಯೋವನ್ನು ಜನರು ಸರಾಸರಿ ಎಷ್ಟು ಹೊತ್ತು ನೋಡುವರೆಂದು ಸಂಸ್ಥೆ ಜಾಹೀರಾತುದಾರರಿಗೆ ತಿಳಿಸುತ್ತಿದ್ದಿತು. ೨೦೧೬ರ ಸೆಪ್ಟೆಂಬರಿನಲ್ಲಿ, ಎರಡು ವರ್ಷಗಳಿಂದ ಈ ಸರಾಸರಿ ಮಿತಿಮೀರಿ ಹಿಗ್ಗಿದ್ದಿತೆಂದು ಹೊರಬಿದ್ದಿತು. ಮೂರು ಸೆಕೆಂಡಿನೊಳಗೆ ಬಿಟ್ಟುಹೋದವರನ್ನು ಭಾಜಕದಿಂದ ಕೈಬಿಟ್ಟು ಭಾಗಿಸಿದ್ದುದೇ ದೋಷ. ತರಗತಿಗೆ ಬಂದು ಕೂಡಲೇ ಎದ್ದುಹೋದವರನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕಿ, ನಮ್ಮ ಉಪನ್ಯಾಸವನ್ನು ಎಲ್ಲರೂ ಬಹುಹೊತ್ತು ಕೇಳಿದರೆಂದು ನಾವು ವರದಿ ಕೊಟ್ಟಂತೆ. ಹಿಗ್ಗು ನೂರಕ್ಕೆ ಅರುವತ್ತರಿಂದ ಎಂಬತ್ತರಷ್ಟಿರಬಹುದೆಂದು ಆಗ ಹೊರಬಂದ ಮಾತು. ಅನಂತರ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ವಾದಿಗಳು ಇದಕ್ಕಿಂತ ಬಹುಪಾಲು ಹೆಚ್ಚೆಂದು ವಾದಿಸಿದರು. ೨೦೧೯ರಲ್ಲಿ ಸಂಸ್ಥೆ, ತಪ್ಪನ್ನು ಒಪ್ಪಿಕೊಳ್ಳದೆ, ನಾಲ್ಕು ಕೋಟಿ ಡಾಲರು ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು.

ಜಾಹೀರಾತುದಾರರು ತಮ್ಮ ಹಣಕ್ಕಾಗಿ ವ್ಯಾಜ್ಯ ಹೂಡಿದರು. ಬೇರೊಂದು ನಷ್ಟಕ್ಕೆ ವ್ಯಾಜ್ಯವೇ ಇರಲಿಲ್ಲ. ಮುಂದಿನ ಕಾಲ ವಿಡಿಯೋವಿನದು, ಜನರು ಓದುವುದನ್ನು ಬಿಟ್ಟಿರುವರು ಎಂಬ ಮಾತು ಆ ವರ್ಷಗಳಲ್ಲಿ ಸಿದ್ಧಾಂತವಾಗಿ ನಿಂತಿದ್ದಿತು. ೨೦೧೭ರಲ್ಲಿ ಅಮೆರಿಕದ ಎಂಟಿವಿ ನ್ಯೂಸ್, ಫಾಕ್ಸ್ ಸ್ಪೋರ್ಟ್ಸ್, ವೊಕೇಟಿವ್, ಮಿಕ್ ಮುಂತಾದ ಸಂಸ್ಥೆಗಳು ಬರೆಹಗಾರರನ್ನೂ ಸಂಪಾದಕರನ್ನೂ ಕೆಲಸದಿಂದ ತೆಗೆದು ವಿಡಿಯೋ ತಯಾರಿಕೆಗೆ ತಿರುಗಿದವು. ೨೦೧೮ರ ನವೆಂಬರಿನಲ್ಲಿ ಮಿಕ್ ತನ್ನ ಸಿಬ್ಬಂದಿಯಲ್ಲಿ ಬಹುಮಂದಿಯನ್ನು ಕಳುಹಿಸಿ ಮಾರಾಟವಾಯಿತು. ತಪ್ಪು ಸರಾಸರಿಯೊಂದೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಇತಿಹಾಸಕಾರನಿಗೆ ಸಲ್ಲದು. ತಪ್ಪು ಬಯಲಾದ ಮರುವರ್ಷವೇ ಈ ವಜಾಗಳು ನಡೆದಿರುವುದನ್ನು ಗಮನಿಸಬೇಕು. ನಮ್ಮ ಮಟ್ಟಿಗೆ ಬೆರಗಾಗುವುದು ಇದಕ್ಕೇ. ಲೆಕ್ಕ ಸುಳ್ಳೆಂದು ಗೊತ್ತಾದ ಮೇಲೂ ಆ ಲೆಕ್ಕ ಹುಟ್ಟಿಸಿದ ನಂಬಿಕೆ ತನ್ನ ಪಾಡಿಗೆ ತಾನು ನಡೆಯಿತು. ೨೦೧೭ರಲ್ಲಿ, ಹಿಂದೆ ಸೋಪ್ ಆಪೆರಾಗಳಿಗೆ ಹಣ ಕೊಟ್ಟ ಅದೇ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ಮಾರ್ಕ್ ಪ್ರಿಚರ್ಡರು ಹೊರಗಿನವರ ಪರಿಶೋಧನೆಯಿಲ್ಲದೆ ಹಣ ಕೊಡೆವೆಂದು ಬಹಿರಂಗವಾಗಿ ಹೇಳಿದರು. ಫೇಸ್‌ಬುಕ್ಕು ಮೀಡಿಯಾ ರೇಟಿಂಗ್ ಕೌನ್ಸಿಲ್ಲಿನ ಪರಿಶೋಧನೆಗೆ ಒಪ್ಪಿತು. ಸಾಬೂನು ಮಾರುವವರಿಗೆ ಹೊಳೆದ ಪ್ರಶ್ನೆ ವಿಶ್ವವಿದ್ಯಾನಿಲಯದಲ್ಲಿರುವ ನಮಗೆ ಹೊಳೆಯದೆ ಹೋದುದು ಹೆಮ್ಮೆಯ ವಿಷಯವಲ್ಲ.

ಭಾರತದ ಮಾತಿಗೆ ಬಂದರೆ, ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲಿನ ಡೇಟಾ ಅಗ್ಗವಾದ ಮೇಲೆ ವಿಡಿಯೋ ನಮ್ಮ ಹಳ್ಳಿಗಳಿಗೂ ಹರಿಯಿತು. ಇದರಿಂದ ಆದ ಉಪಕಾರವನ್ನು ಮರೆಯುವಂತಿಲ್ಲ. ಗಮಕವನ್ನಾಗಲಿ ತಾಳಮದ್ದಳೆಯನ್ನಾಗಲಿ ಕೇಳಬೇಕೆನ್ನುವ ವಿದ್ಯಾರ್ಥಿ ಇಂದು ಊರೂರು ಅಲೆಯಬೇಕಾಗಿಲ್ಲ. ೨೦೨೦ರ ಜೂನ್ ೨೯ರಂದು ಕೇಂದ್ರಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸು ಇಲ್ಲಿಗೆ ಬಂದಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬು ತನ್ನ ಶಾರ್ಟ್ಸನ್ನು ಮೊದಲು ಪ್ರಯೋಗಿಸಿದುದು ಭಾರತದಲ್ಲಿಯೇ. ಹನ್ನೊಂದು ನಿಮಿಷದ ಕೋಟೆ ಈಗ ಅರ್ಧ ನಿಮಿಷದ ಕೋಟೆಯಾಯಿತು. ಮಾಡುವವನೇ ಮಾರುವವನೂ ಆದುದರಿಂದ ಜಾಹೀರಾತೆಲ್ಲಿ, ಮಾತೆಲ್ಲಿ ಎಂಬ ಗೆರೆ ಅಳಿಸಿತು. ಹಣ ಪಡೆದು ಹೊಗಳಿದರೆ ಹಾಗೆಂದು ನಮೂದಿಸಬೇಕೆಂದು ೨೦೨೧ರಲ್ಲಿ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ಲಿನವರು ನಿಯಮ ಮಾಡಬೇಕಾಯಿತು.

೨೦೨೫ರ ಮಾರ್ಚ್ ೩೧ರಿಂದ ಶಾರ್ಟ್ಸುಗಳ ಮಟ್ಟಿಗೆ ಗಳೆ ಮತ್ತೆ ಬದಲಾಗಿದೆ. ಇಷ್ಟು ಹೊತ್ತು ನೋಡಿರಬೇಕೆಂಬ ಕಟ್ಟು ಈಗ ಇಲ್ಲ. ಓಡಲು ತೊಡಗಿದರೆ ಒಂದು, ಮರಳಿ ಓಡಿದರೆ ಇನ್ನೊಂದು. ಹಳೆಯ ರೀತಿಯ ಲೆಕ್ಕವನ್ನು ಸಂಸ್ಥೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದೆ, ಮತ್ತು ವಿಡಿಯೋ ಮಾಡಿದವರಿಗೆ ಹಣ ಕೊಡುವಾಗ ಆ ಹಳೆಯ ಲೆಕ್ಕವನ್ನೇ ಹಿಡಿಯುತ್ತದೆ. ಲೋಕಕ್ಕೆ ತೋರಿಸಲು ಒಂದು ಕೋಲು, ಕೂಲಿ ಕೊಡಲು ಇನ್ನೊಂದು ಕೋಲು. ಹೀಗಿರಲಾಗಿ ೨೦೨೪ರ ಒಂದು ಲಕ್ಷವನ್ನೂ ೨೦೨೫ರ ಒಂದು ಲಕ್ಷವನ್ನೂ ಒಂದೇ ಕೋಷ್ಟಕದ ಎರಡು ಸಾಲುಗಳಲ್ಲಿ ಬರೆದು ಜನಪ್ರಿಯತೆ ಬೆಳೆಯಿತೆಂದು ಹೇಳುವ ಪ್ರಬಂಧಗಳು ನಮ್ಮ ಮೇಜಿನ ಮೇಲೆ ಬರುವ ದಿನ ದೂರವಿಲ್ಲ. ಬಂದಾಗ ನಾವು ಮೊದಲು ಕೇಳಬೇಕಾದುದು ಎಣಿಕೆಯನ್ನು ಯಾವ ದಿನ, ಯಾವ ಬಗೆಯ ವಿಡಿಯೋವಿನಲ್ಲಿ ಕಂಡಿರಿ ಎಂಬುದನ್ನು.

ಇನ್ನೊಂದು ಚಿಂತೆ ಉಂಟು. ಇದು ಇತಿಹಾಸದ ಅಧ್ಯಾಪಕರದೇ ಆದ ಚಿಂತೆ. ನೂರು ವರ್ಷದ ಹಿಂದಿನ ಕನ್ನಡ ಪತ್ರಿಕೆಯ ಸಂಪುಟವನ್ನು ಬಿಚ್ಚಿದರೆ ಟಾನಿಕ್ಕು, ಸಾಬೂನು, ನಾಟಕಕಂಪೆನಿಗಳ ಜಾಹೀರಾತುಗಳೂ ಅಲ್ಲಿಯೇ ಇರುತ್ತವೆ. ಆ ಕಾಲದ ಬಯಕೆಗಳನ್ನು ಸಂಪಾದಕೀಯಕ್ಕಿಂತ ಅವು ಚೆನ್ನಾಗಿ ಹೇಳುತ್ತವೆ. ಎಲ್ಲ ಓದುಗರಿಗೂ ಒಂದೇ ಜಾಹೀರಾತು ಹೋಗುತ್ತಿದ್ದುದರಿಂದ ಒಂದು ಪ್ರತಿ ಉಳಿದರೆ ಎಲ್ಲವೂ ಉಳಿದಂತೆ. ಇಂದು ಒಂದೇ ಮನೆಯ ತಂದೆಗೂ ಮಗಳಿಗೂ ಬೇರೆಬೇರೆ ಜಾಹೀರಾತುಗಳು ಬರುತ್ತವೆ, ಬಂದು ಹೋಗುತ್ತವೆ. ಯಾವ ಗ್ರಂಥಭಂಡಾರವೂ ಅವನ್ನು ರಟ್ಟುಹಾಕಿ ಇಡಲಾರದು. ೨೦೧೮ರಿಂದ ಫೇಸ್‌ಬುಕ್ಕು ರಾಜಕೀಯ ಜಾಹೀರಾತುಗಳ ಭಂಡಾರವೊಂದನ್ನು ತೆರೆದಿದೆ; ಗೂಗಲ್ ೨೦೨೩ರಲ್ಲಿ ತನ್ನದನ್ನು ವಿಸ್ತರಿಸಿತು. ಯೂರೋಪಿನ ಒಕ್ಕೂಟ ೨೦೨೨ರಲ್ಲಿ ಮಾಡಿದ ಶಾಸನದಂತೆ ದೊಡ್ಡ ಸಂಸ್ಥೆಗಳು ಪ್ರತಿಯೊಂದು ಜಾಹೀರಾತನ್ನೂ ಸಾರ್ವಜನಿಕ ಭಂಡಾರದಲ್ಲಿಡಬೇಕು. ಎಷ್ಟು ಕಾಲವೆಂದರೆ, ಅದನ್ನು ಕೊನೆಯ ಬಾರಿ ತೋರಿಸಿದಂದಿನಿಂದ ಒಂದು ವರ್ಷ.

ನಮ್ಮ ವಿದ್ಯಾರ್ಥಿಯ ಪ್ರಬಂಧ ವಿಭಾಗದ ಕಪಾಟಿನಲ್ಲಿದೆ. ಈ ಲೇಖನಕ್ಕಾಗಿ ಅದನ್ನು ಹೊರತೆಗೆದು, ಅಲ್ಲಿ ಹೆಸರಿಸಿದ ವಿಡಿಯೋಗಳನ್ನು ಹುಡುಕಿದೆವು. ಕೆಲವು ಈಗ ದೊರೆಯುವುದಿಲ್ಲ. ಆ ಹನ್ನೆರಡು ಲಕ್ಷದ ವಿಡಿಯೋವೂ ಅವುಗಳಲ್ಲೊಂದು. ಸಂಖ್ಯೆ ಮಾತ್ರ ನಮ್ಮ ಸಹಿಯ ಮೇಲ್ಗಡೆ ಹಾಗೆಯೇ ಇದೆ. ಅದರ ಪಕ್ಕದಲ್ಲಿ, ಈಗ ತಡವಾಗಿಯಾದರೂ, ‘ಗಳೆ ಯಾವುದು?’ ಎಂದು ಪೆನ್ಸಿಲಿನಿಂದ ಬರೆದು ಕಪಾಟಿನಲ್ಲಿ ಮರಳಿ ಇಟ್ಟಿದ್ದೇವೆ.