ಸುಮ್ಮನೆ ಕೂರುವವನ ಲೆಕ್ಕ

ಊರಲ್ಲಿ ಜಗಲಿ ಮೇಲೆ ಸುಮ್ಮನೆ ಕೂತವನನ್ನು ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಮುಂಬಯಿಯಲ್ಲಿ ಹಾಗಲ್ಲ. ನಾವಿಲ್ಲಿಗೆ ಬಂದದ್ದೇ ದುಡಿಯಲಿಕ್ಕೆ. ನಿವೃತ್ತನಾದ ಕನ್ನಡಿಗನಿಗೆ ‘ಈಗ ಏನು ಮಾಡ್ತೀರಿ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಮತ್ತೆ ಊರಿಗೆ ಹೋಗೋದು ಯಾವಾಗ?’ ಎಂಬುದೂ ಬರುತ್ತದೆ. ಕೆಲಸ ಮುಗಿದರೆ ಇಲ್ಲಿರುವ ಹಕ್ಕೂ ಮುಗಿಯಿತು ಎಂಬಂತೆ! ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಎರಡು ಕನ್ನಡ ಕೃತಿಗಳನ್ನು ಮತ್ತೆ ಓದಿದೆ.

ಮೊದಲನೆಯದು ಯಶವಂತ ಚಿತ್ತಾಲರ ‘ಶಿಕಾರಿ’ (1979). ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ತನಿಖೆಯ ಹೆಸರಲ್ಲಿ ಕಂಪನಿ ಅವನನ್ನು ರಜೆ ಮೇಲೆ ಕಳಿಸುತ್ತದೆ. ಕೈತುಂಬ ಸಮಯ, ಆದರೆ ಒಂದು ಗಳಿಗೆಯ ನೆಮ್ಮದಿ ಇಲ್ಲ. ಹುದ್ದೆ ಅಲುಗಾಡಿದ ಕೂಡಲೇ ಅವನಿಗೆ ಪ್ರತಿ ಮುಖವೂ ಸಂಶಯಾಸ್ಪದ. ಸ್ವತಃ ಆ ಉದ್ಯಮದಲ್ಲೇ ದುಡಿದ ಚಿತ್ತಾಲರಿಗೆ ಈ ಭಯ ಚೆನ್ನಾಗಿ ಗೊತ್ತಿತ್ತು. ಸಾಮಾನ್ಯವಾಗಿ ಇದನ್ನು ಕಂಪನಿ ರಾಜಕೀಯದ ಕಾದಂಬರಿ ಅಂತ ಓದ್ತಾರೆ. ಕೆಲಸವನ್ನೇ ಗುರುತಾಗಿ ಮಾಡಿಕೊಂಡ ವಲಸಿಗನಿಗೆ ಬಿಡುವು ಹೇಗೆ ಶಿಕ್ಷೆಯಾಗುತ್ತದೆ ಎಂಬುದರ ಕಥೆಯಾಗಿಯೂ ಓದಬಹುದು.

ಎರಡನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಬೆಂಗಳೂರಿನ ಕಥೆ. ನಿರೂಪಕ ಚಿಕ್ಕಪ್ಪನ ಮಸಾಲೆ ಕಂಪನಿಯಲ್ಲಿ ಹೆಸರಿಗೆ ಡೈರೆಕ್ಟರು. ಸಂಬಳ ಖಾತೆಗೆ ಜಮಾ ಆಗುತ್ತದೆ, ಆಸಾಮಿ ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ನಾಗಪ್ಪನ ಯಾತನೆ ಇವನಿಗಿಲ್ಲ. ಮನೆಮಂದಿಯೂ ತಕರಾರು ಮಾಡುವುದಿಲ್ಲ. ಕೇಳುವವಳು ಹೆಂಡತಿ ಅನಿತಾ ಒಬ್ಬಳೇ. ಸೋಮಾರಿತನ ಇಲ್ಲಿ ಸುಖವಾಗಿ ಕಾಣುತ್ತದೆ, ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು: ದುಡಿದು ಹಾಕುವವನ ತಪ್ಪಿಗೆ ಬಾಯಿ ಮುಚ್ಚಿಕೊಂಡಿರುವುದು.

ಎರಡೂ ಒಳ್ಳೆಯ ಕೃತಿಗಳು. ಆದರೂ ನನ್ನದೊಂದು ತಕರಾರಿದೆ. ಒಂದರಲ್ಲಿ ಬಿಡುವು ಭಯ, ಇನ್ನೊಂದರಲ್ಲಿ ಪಾಪ. ಯಾರ ಹಂಗೂ ಇಲ್ಲದೆ ಸುಮ್ಮನೆ ಕೂತು ಸಂತೋಷಪಡುವ ಮನುಷ್ಯ ಎರಡರಲ್ಲೂ ಇಲ್ಲ. ‘ಕೂತು ತಿಂದರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ನಮ್ಮ ಲೇಖಕರ ಬೆನ್ನನ್ನೂ ಬಿಟ್ಟಿಲ್ಲ ಅನಿಸುತ್ತದೆ. ಬರ್ಟ್ರಂಡ್ ರಸೆಲ್ 1932ರಲ್ಲಿ ಸೋಮಾರಿತನವನ್ನು ಹೊಗಳಿ ಬರೆದ ಪ್ರಬಂಧದಲ್ಲಿ ದಿನಕ್ಕೆ ನಾಲ್ಕೇ ಗಂಟೆ ಕೆಲಸ ಸಾಕು ಎಂದ. ಅವನ ವಾದದ ತಿರುಳು ಬಿಡುವನ್ನು ಎಲ್ಲರಿಗೂ ಹಂಚಬೇಕು ಎಂಬುದು. ಕೆಲವರೇ ಕೂತು ಉಳಿದವರು ದುಡಿಯುವ ಸೋಮಾರಿತನವನ್ನು ಅವನೂ ಒಪ್ಪಲಿಲ್ಲ.

ವಾಣಿಜ್ಯ ಓದಿದವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಡೆಬಿಟ್ ಇಲ್ಲದೆ ಕ್ರೆಡಿಟ್ ಇಲ್ಲ. ಕಾಫಿ ಹೌಸಿನಲ್ಲಿ ಒಬ್ಬ ಕೂತರೆ ಕಾಫಿ ತರಲು ವಿನ್ಸೆಂಟ್ ನಿಂತಿರಬೇಕು. ನಮ್ಮ ಮನೆಗಳಲ್ಲೂ ಅಷ್ಟೇ. ಗಂಡಸು ಅರವತ್ತಕ್ಕೆ ನಿವೃತ್ತ, ಒಲೆ ಮುಂದೆ ಇರುವವರಿಗೆ ನಿವೃತ್ತಿಯ ವಯಸ್ಸೇ ಇಲ್ಲ. ಹೊರನಾಡಿನಲ್ಲಂತೂ ನೆರವಿಗೆ ಅತ್ತಿಗೆ ನಾದಿನಿಯರೂ ಹತ್ತಿರ ಇರುವುದಿಲ್ಲ. ಮಧ್ಯಾಹ್ನ ಎರಡು ತಾಸು ಏನೂ ಮಾಡದೆ ಕಿಟಕಿ ಬಳಿ ಕೂರುವ, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡದ ಹೆಂಗಸಿನ ಕಾದಂಬರಿಯನ್ನು ಯಾರಾದರೂ ಬರೆಯಬೇಕು. ಅದು ಮುಂಬಯಿಯಲ್ಲೇ ನಡೆದರೆ ಇನ್ನೂ ಒಳ್ಳೇದು.